ಎಷ್ಟಾಗುತ್ತದೆ ಎಂದು ಕೇಳುವ ಮೊದಲು

ವೃತ್ತಿಪರ ಸಂಗೀತಗಾರರಿಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಮಾತಿನಿಂದ ಶುರುವಾಗುತ್ತವೆ: 'ಒಂದು ಕಾರ್ಯಕ್ರಮ ಇದೆ, ಎಷ್ಟಾಗುತ್ತೆ?' ಕೇಳಬಾರದ್ದೇನಲ್ಲ. ಆದರೆ ಆ ತುದಿಯಲ್ಲಿರುವವರು ಒಂದು ಅಂಕಿ ಹೇಳಬೇಕಾದರೆ ಅವರಿಗೆ ಐದಾರು ಸಂಗತಿ ಗೊತ್ತಾಗಬೇಕು. ಎಷ್ಟು ಹೊತ್ತು ನುಡಿಸಬೇಕು, ಒಳಗೋ ಬಯಲಲ್ಲೋ, ಎಷ್ಟು ಜನ, ಮೈಕು ಯಾರದು, ಗಾಡಿ ನಿಲ್ಲುವ ಜಾಗದಿಂದ ವೇದಿಕೆಗೆ ಎಷ್ಟು ಮೆಟ್ಟಿಲು. ಇವೆಲ್ಲಕ್ಕಿಂತ ಮುಂಚಿನದು ಇನ್ನೊಂದಿದೆ, ಅದನ್ನು ಕರೆಸುವವರು ತಮ್ಮನ್ನು ತಾವೇ ಕೇಳಿಕೊಂಡಿರುವುದಿಲ್ಲ. ಬಂದ ಜನ ಕೂತು ಕೇಳುತ್ತಾರಾ, ಮಾತಾಡುತ್ತಾ ಓಡಾಡುತ್ತಾರಾ?

ಇದೊಂದು ತೀರ್ಮಾನವಾದರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಕರಗುತ್ತದೆ. ಕೂತು ಕೇಳುವ ಸಂಗೀತ ಬೇಕಿದ್ದರೆ ಕುರ್ಚಿಗಳು ಕಲಾವಿದರ ಕಡೆ ಮುಖ ಮಾಡಿರಬೇಕು, ಆ ಹೊತ್ತಿನಲ್ಲಿ ಯಾರೂ ಬಡಿಸಬಾರದು, 40–45 ನಿಮಿಷಕ್ಕೆ ಮುಗಿಯಬೇಕು. ಹಿನ್ನೆಲೆಗೆ ಸಂಗೀತ ಬೇಕಿದ್ದರೆ ಎರಡು ಮೂರು ಗಂಟೆ, ಮೆಲ್ಲನೆಯ ಸದ್ದು, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ರಚನೆಗಳು. ಹಿನ್ನೆಲೆಗೆ ನುಡಿಸುವುದು ಕಲೆಗೆ ಅವಮಾನ ಎನ್ನುವವರಿದ್ದಾರೆ. ಪಳಗಿದ ಕಲಾವಿದರು ಹಾಗೆ ಅಂದುಕೊಳ್ಳುವುದು ಕಡಿಮೆ. ಅದೂ ಒಂದು ಕಸುಬು, ಅದಕ್ಕೂ ಬೇರೆಯದೇ ಜಾಣ್ಮೆ ಬೇಕು. ಅವರಿಗೆ ನೋವಾಗುವುದು ಹಿನ್ನೆಲೆಗೆಂದು ಕರೆಸಿ ನಡುವೆ ಇದ್ದಕ್ಕಿದ್ದಂತೆ 'ಈಗ ಎಲ್ಲರೂ ಕೇಳೋಣ' ಎಂದು ಘೋಷಿಸಿ, ಯಾರೂ ಕೇಳದೇ ಹೋದಾಗ. ಕೂತು ಕೇಳುವ ಭಾಗ ಬೇಕೇ ಬೇಕು ಎಂದಿದ್ದರೆ ಅದಕ್ಕೊಂದು ಹೊತ್ತು ಮೊದಲೇ ಗೊತ್ತು ಮಾಡಿ: 20 ನಿಮಿಷ, ಎಲ್ಲರೂ ಕೂತ ಮೇಲೆ, ಬಡಿಸುವುದಕ್ಕೆ ಮುಂಚೆ. ಉಂಡ ಮೇಲೆ ಎಂಬುದು ಸೋಲುವ ಯೋಜನೆ.

ಹಿನ್ನೆಲೆ ಸಂಗೀತದಲ್ಲಿ ಮೊದಲು ಕೆಡುವುದು ಸದ್ದಿನ ಲೆಕ್ಕ. ಇಬ್ಬರು ಸಹಜವಾಗಿ ಆಡುವ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್. ಗಟ್ಟಿ ಗೋಡೆ, ಕಲ್ಲಿನ ನೆಲದ ಕೋಣೆಯಲ್ಲಿ ನೂರು ಜನ ಸೇರಿದರೆ ಅದು ಸಲೀಸಾಗಿ 75 ಮುಟ್ಟುತ್ತದೆ. ಸುತ್ತ ಸದ್ದು ಹೆಚ್ಚಿದಷ್ಟೂ ಮನುಷ್ಯ ತನಗೇ ತಿಳಿಯದ ಹಾಗೆ ದನಿ ಏರಿಸುತ್ತಾನೆ. ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಇದಕ್ಕೆ ಲೊಂಬಾರ್ ಪರಿಣಾಮ ಎಂದೇ ಹೆಸರು. ಸಮಾರಂಭಗಳಲ್ಲಿ ಅದು ನಡೆಯುವುದು ಹೀಗೆ: ಸಂಗೀತ ಕೇಳಿಸುತ್ತಿಲ್ಲ ಎಂದು ಮನೆಯವರು ಸದ್ದು ಹೊಂದಿಸುವ ಮಿಕ್ಸರಿನ ಮುಂದೆ ಕೂತವನಿಗೆ ಸನ್ನೆ ಮಾಡುತ್ತಾರೆ, ಅವನು ಒಂದು ಗೆರೆ ಏರಿಸುತ್ತಾನೆ, ಅದಕ್ಕೆ ಸರಿಯಾಗಿ ಜನ ಒಂದು ಗೆರೆ ಏರುತ್ತಾರೆ, ಮತ್ತೆ ಸಂಗೀತ ಕೇಳಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಕಿರುಚುತ್ತಿರುತ್ತಾರೆ, ವಯಸ್ಸಾದವರು ಎದ್ದು ಹೊರಗೆ ಹೋಗಿರುತ್ತಾರೆ.

ಬಲ್ಲ ಕಲಾವಿದರು ಇದಕ್ಕೆ ಉಲ್ಟಾ ಹೋಗುತ್ತಾರೆ. ಸದ್ದು ತಗ್ಗಿಸುತ್ತಾರೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಬಹುಪಾಲು 2,000ದಿಂದ 4,000 ಹರ್ಟ್ಸ್ ನಡುವೆ. ಆ ಕಂಪನಾಂಕಗಳ ವ್ಯಾಪ್ತಿಯಲ್ಲೇ ಕಿಕ್ಕಿರಿಯುವ ವಾದ್ಯ ಎಂದರೆ ಟ್ರಂಪೆಟ್, ಮೇಲಿನ ಸ್ಥಾಯಿಯ ಪಿಟೀಲು, ಜೋರಾಗಿ ಮೀಟಿದ ತಂತಿಯ ಗಿಟಾರು. ಚೆಲ್ಲೋ (ಕೂತು ನುಡಿಸುವ, ಪಿಟೀಲು ಕುಟುಂಬದ ದೊಡ್ಡ ವಾದ್ಯ), ಪಿಯಾನೋದ ನಡುಭಾಗ, ಬೆರಳಲ್ಲಿ ಮೀಟಿದ ಗಿಟಾರು ಮಾತಿನ ಕೆಳಗೆ ಹಾಸಿಕೊಳ್ಳುತ್ತವೆ. ಒಂದು ದೊಡ್ಡ ಸ್ಪೀಕರನ್ನು ಮೂಲೆಯಲ್ಲಿಟ್ಟು ಊದಿಸುವ ಬದಲು ನಾಲ್ಕು ಸಣ್ಣವನ್ನು ಕೋಣೆಯಲ್ಲಿ ಹಂಚಿ, ಮೆಲ್ಲಗೆ ಇಟ್ಟರೆ ಹತ್ತಿರದವರಿಗೆ ಕಿವಿ ಒಡೆಯುವುದಿಲ್ಲ, ದೂರದವರಿಗೆ ತಪ್ಪುವುದಿಲ್ಲ.

ಬಯಲಿನ ಲೆಕ್ಕ ಬೇರೆ. ಗೋಡೆಯಿಲ್ಲದ ಕಡೆ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ 76 ಡೆಸಿಬಲ್ ಕೇಳುವ ನಾಲ್ವರ ತಂತಿವಾದ್ಯ ತಂಡ 16 ಮೀಟರಿನಲ್ಲಿ 58ಕ್ಕೆ ಬಂದು ನಿಲ್ಲುತ್ತದೆ, ಅಂದರೆ ಪಕ್ಕದವರ ಮಾತಿಗಿಂತ ಕೆಳಗೆ. ಒಳಗಿನ ಒಳ್ಳೆಯ ಕೋಣೆಯಲ್ಲಿ ಇದೇ ತಂಡ ಮೈಕಿಲ್ಲದೆ ನೂರು ಜನರಿಗೆ ತುಂಬಿ ಕೇಳುತ್ತದೆ. ಹಾಗಾಗಿ ತೋಟದಲ್ಲಿ, ಮಹಡಿಯ ಮೇಲೆ ಕಾರ್ಯಕ್ರಮ ಎಂದಾದರೆ ಮೈಕು ಬೇಕೋ ಬೇಡವೋ ಎಂಬ ಚರ್ಚೆಯೇ ಬೇಡ. ಯಾವ ಮೈಕು ಎಂಬುದನ್ನು ಮಾತ್ರ ಕಲಾವಿದರಿಗೆ ಬಿಡಿ. ಪಿಟೀಲಿಗೆ ವಾದ್ಯದ ಮೈಗೇ ಸಿಕ್ಕಿಸುವ ಪುಟ್ಟ ಕಂಡೆನ್ಸರ್ ಮೈಕು ಒಳ್ಳೆಯದು, ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಹೋಗುವ ಕರೆಂಟು) ಹೋಗಬೇಕು. ಈ ಗುಂಡಿಯೇ ಇಲ್ಲದ ಅಗ್ಗದ ಮಿಕ್ಸರ್ ಬಂದು ಕೂತಿರುವುದು ಸೌಂಡ್ ಚೆಕ್ ಹೊತ್ತಿಗೆ ಗೊತ್ತಾದರೆ ಆಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಸ್ಪೀಕರುಗಳು ಕಲಾವಿದರಿಗಿಂತ ಮುಂದೆ ಇರಬೇಕು. ಹಿಂದೆ ಇಟ್ಟರೆ ಅದರ ಸದ್ದು ಮೈಕಿಗೆ ಮರಳಿ ಹೊಕ್ಕು ಕೂಗು ಏಳುತ್ತದೆ. ಅಲಂಕಾರದ ದೀಪಗಳಿಗೂ ಸೌಂಡಿಗೂ ಒಂದೇ ಲೈನಿನಿಂದ ಕರೆಂಟು ಎಳೆದರೆ ಸ್ಪೀಕರಿನಲ್ಲಿ ಸಣ್ಣ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ದೀಪ ಮಂದ ಮಾಡುವ ಡಿಮ್ಮರ್ ಇದ್ದರಂತೂ ಖಂಡಿತ. ಪ್ರತ್ಯೇಕ ಸರ್ಕ್ಯೂಟು ಕೇಳುವುದು ಕಲಾವಿದರ ದೊಡ್ಡಸ್ತಿಕೆಯಲ್ಲ.

ಸದ್ದಿನಷ್ಟೇ ತಲೆನೋವು ಬಿಸಿಲು. ಪಿಟೀಲು ಕುಟುಂಬದ ವಾದ್ಯಗಳನ್ನು ಜೋಡಿಸಿರುವುದು ಪ್ರಾಣಿಜನ್ಯ ಅಂಟಿನಿಂದ. ಆ ಅಂಟು ಬಿಸಿಗೆ ಸಡಿಲವಾಗುವಂಥದ್ದೇ. ಮುಂದೆ ರಿಪೇರಿಗೆ ಬಿಚ್ಚಲು ಬರಲಿ ಎಂದೇ ಅದನ್ನು ಬಳಸುವುದು. ನೇರ ಬಿಸಿಲಲ್ಲಿ ಅರ್ಧ ಗಂಟೆ ಕೂತರೆ ವಾರ್ನಿಷು ಮೆತ್ತಗಾಗುತ್ತದೆ, ಜೋಡಣೆ ಬಾಯಿಬಿಡಬಹುದು. ಇದಕ್ಕೇ ಒಪ್ಪಂದಗಳಲ್ಲಿ 'ನೆರಳು ಕಡ್ಡಾಯ' ಎಂದು ಬರೆದಿರುತ್ತಾರೆ, ಮಳೆಹನಿ ಬಿದ್ದರೆ ನಿಲ್ಲಿಸುವ ಹಕ್ಕನ್ನೂ ಇಟ್ಟುಕೊಂಡಿರುತ್ತಾರೆ. ಶ್ರುತಿಯ ಕಷ್ಟ ಇನ್ನೊಂದು ಬಗೆಯದು. ಬಿಸಿ ಏರಿದರೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಕೊಳಲಿನೊಳಗಿನ ಗಾಳಿ ಬಿಸಿಯಾಗಿ ಶ್ರುತಿ ಏರುತ್ತದೆ. ಕೊಳಲು, ಪಿಟೀಲು ಒಟ್ಟಿಗಿರುವ ತಂಡವನ್ನು ಮಧ್ಯಾಹ್ನದ ಬಯಲಲ್ಲಿ ಕೂರಿಸಿದರೆ ಎರಡೂ ಒಂದರಿಂದ ಒಂದು ದೂರ ಜಾರುತ್ತಲೇ ಇರುತ್ತವೆ. ಪ್ರತಿ ರಚನೆಯ ನಡುವೆ ಶ್ರುತಿ ಮಾಡಿಕೊಳ್ಳುವುದನ್ನು ನೋಡಿ 'ಮನೆಯಲ್ಲೇ ಮಾಡಿಕೊಂಡು ಬರಬಾರದಿತ್ತಾ' ಎಂದು ಗೊಣಗುವವರಿಗೆ ಇದು ತಿಳಿದಿರುವುದಿಲ್ಲ.

ಜಾಗ. ನಾಲ್ವರು ತಂತಿವಾದ್ಯದವರಿಗೆ ಮೂರು ಮೀಟರ್ ಚೌಕದ ಸಮತಟ್ಟು ನೆಲ, ಕೈಯಿಲ್ಲದ ನಾಲ್ಕು ಕುರ್ಚಿ. ಕೈಯಿರುವ ಕುರ್ಚಿಯಲ್ಲಿ ಕಮಾನು ಎಳೆಯುವ ಮೊಣಕೈ ಬಡಿಯುತ್ತದೆ, ಸೋಫಾದಲ್ಲಿ ಬೆನ್ನು ಕುಸಿಯುತ್ತದೆ. ಚೆಲ್ಲೋದ ಕೆಳಗೊಂದು ಲೋಹದ ಮೊನೆ ಇರುತ್ತದೆ. ನುಣುಪು ಕಲ್ಲಿನ ಮೇಲೆ ಅದು ಜಾರುತ್ತದೆ, ದುಬಾರಿ ಮರದ ನೆಲದ ಮೇಲೆ ತೂತು ಮಾಡುತ್ತದೆ. ಎರಡಕ್ಕೂ ಒಂದು ಒರಟು ಜಮಖಾನ ಸಾಕು. ಸ್ವರಲಿಪಿ ನೋಡಿ ನುಡಿಸುವವರಿಗೆ ಬೆಳಕು ಹಾಳೆಯ ಮೇಲೆ ಬೀಳಬೇಕು, ಕಣ್ಣಿಗೆ ಬೀಳಬಾರದು.

ಪಿಯಾನೋ ಎಂಬ ಮಾತು ಬಂದರೆ ಸ್ವಲ್ಪ ನಿಲ್ಲಬೇಕು. ಸಂಗೀತ ಕಛೇರಿಗೆ ಬಳಸುವ ಒಂಬತ್ತಡಿಯ ಪಿಯಾನೋ 480 ಕೆ.ಜಿ. ಆಸುಪಾಸು ತೂಗುತ್ತದೆ. ಸಾಗಿಸಿದ ಮೇಲೆ ಆ ಕೋಣೆಯ ಹವೆಗೆ ಒಗ್ಗಲು ಬಿಟ್ಟು, ಆಮೇಲೆ ಶ್ರುತಿ ಮಾಡಿಸಬೇಕು. ಶ್ರುತಿ ಮಾಡುವವರಿಗೆ ಒಂದೂವರೆಯಿಂದ ಎರಡು ಗಂಟೆ ನಿಶ್ಶಬ್ದ ಬೇಕು. ನಿಶ್ಶಬ್ದ ಅಂದರೆ ಪೂರ್ತಿ ನಿಶ್ಶಬ್ದ: ಆ ಹೊತ್ತಿನಲ್ಲಿ ಕುರ್ಚಿ ಎಳೆಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಇನ್ನೊಬ್ಬರು ಮೈಕ್ ಟೆಸ್ಟ್ ಮಾಡುವಂತಿಲ್ಲ. ಸಭಾಂಗಣದ ಮೂಲೆಯಲ್ಲಿ ಹೂದಾನಿ ಹೊತ್ತು ನಿಂತಿರುವ ಪಿಯಾನೋ ಇದೆ ಎಂಬ ಧೈರ್ಯದ ಮೇಲೆ ಪಿಯಾನೋ ವಾದಕರನ್ನು ಗೊತ್ತು ಮಾಡುವವರು ಬಹಳ. ಅದರ ಪ್ರತಿ ಕೀಲಿಯನ್ನೂ ಒತ್ತಿ ನೋಡಿ, ಒಂದು ವಿಡಿಯೋ ಮಾಡಿ ಕಳಿಸಿ. 88 ಕೀಲಿಗಳಲ್ಲಿ ಮೂರು ಸತ್ತಿದ್ದರೆ, ಒಳ್ಳೆಯ ಡಿಜಿಟಲ್ ಪಿಯಾನೋ ತರಿಸುವುದೇ ವಾಸಿ. ನಿಜ ಪಿಯಾನೋದಂತೆ ಒತ್ತುವಾಗ ಭಾರವೆನಿಸುವ ಕೀಲಿ, ಅಲುಗಾಡದ ಸ್ಟ್ಯಾಂಡು, ಪೆಡಲು, ಎತ್ತರ ಹೊಂದಿಸುವ ಆಸನ. ಪೆಡಲು ಮರೆತು ಬರುವುದು ಬಾಡಿಗೆಯವರ ಹಳೆಯ ಅಭ್ಯಾಸ.

ಕೌಶಲ ಎಲ್ಲಿ ಬೇಕಾಗುತ್ತದೆ, ಅದಕ್ಕೇಕೆ ಹಣ ತೆರಬೇಕು ಎಂಬುದು ಒಂದು ಸಣ್ಣ ಗಳಿಗೆಯಲ್ಲಿ ಕಣ್ಣಿಗೆ ಬೀಳುತ್ತದೆ. ಮದುಮಗಳು ಬಾಗಿಲಿಂದ ವೇದಿಕೆಗೆ ನಡೆದುಬರುವ ಹೊತ್ತು. ದಾರಿ 20 ಮೀಟರ್. ಅಭ್ಯಾಸದ ದಿನ ಅದಕ್ಕೆ 40 ಸೆಕೆಂಡು ಹಿಡಿದಿತ್ತು. ಆ ದಿನ ಉಡುಪಿನ ಅಂಚು ಕುರ್ಚಿಗೆ ಸಿಕ್ಕಿ, ಯಾರೋ ತಬ್ಬಿಕೊಂಡು, ಒಂದೂವರೆ ನಿಮಿಷವಾಗಬಹುದು. ಗಾಬರಿಯಲ್ಲಿ 25 ಸೆಕೆಂಡಿಗೇ ತಲುಪಿಬಿಡಬಹುದು. ಆಯ್ದ ರಾಗ ಮೂರು ನಿಮಿಷದ್ದು. ಹವ್ಯಾಸಿ ತಂಡವಾದರೆ ಎಲ್ಲರೂ ವೇದಿಕೆಯಲ್ಲಿ ನಿಂತು ಕಾಯುತ್ತಿರುವಾಗ ಉಳಿದದ್ದನ್ನೆಲ್ಲ ನುಡಿಸುತ್ತದೆ, ಇಲ್ಲವೇ ವಾಕ್ಯದ ನಡುವೆ ಬಾಯಿ ಕಟ್ಟಿದ ಹಾಗೆ ನಿಲ್ಲುತ್ತದೆ. ಪಳಗಿದ ತಂಡದಲ್ಲಿ ಮೊದಲ ಪಿಟೀಲಿನವರು ಹಾಳೆಯನ್ನು ನೋಡುತ್ತಲೇ ಇರುವುದಿಲ್ಲ, ಅವರ ಕಣ್ಣು ದಾರಿಯ ಮೇಲೆ. ರಚನೆಯನ್ನು ಎಂಟೆಂಟು ಮಾತ್ರೆಗಣಗಳ (ಸ್ವರಲಿಪಿಯಲ್ಲಿ ಗೆರೆಯಿಂದ ಗೆರೆಗೆ ಇರುವ ತಾಳದ ಮನೆ, ಬಾರ್) ತುಂಡುಗಳಾಗಿ ಮೊದಲೇ ಕಡಿದುಕೊಂಡಿರುತ್ತಾರೆ, ಪ್ರತಿ ತುಂಡಿನ ಕೊನೆಯಿಂದಲೂ ಮುಗಿತಾಯಕ್ಕೆ ಹಾರುವ ದಾರಿ ಗೊತ್ತಿರುತ್ತದೆ. ಇನ್ನು ನಾಲ್ಕು ಹೆಜ್ಜೆ ಎನ್ನುವಾಗ ಪಿಟೀಲಿನ ತಲೆ ತುಸು ಮೇಲೇಳುತ್ತದೆ, ಉಳಿದ ಮೂವರು ಅದನ್ನು ಓರೆಗಣ್ಣಲ್ಲಿ ಹಿಡಿಯುತ್ತಾರೆ, ಆ ತುಂಡು ಮುಗಿದ ಕೂಡಲೆ ನಾಲ್ವರೂ ಒಟ್ಟಿಗೆ ಕೊನೆಯ ಎರಡು ಗಣಗಳಿಗೆ ಜಿಗಿದು, ಹುಡುಗಿ ನಿಂತ ಗಳಿಗೆಗೆ ಕಮಾನು ಎತ್ತುತ್ತಾರೆ. ರಚನೆಯೇ ಅಷ್ಟು ಉದ್ದದ್ದು ಎಂದುಕೊಂಡು ಜನ ಸುಮ್ಮನಾಗುತ್ತಾರೆ. ಇದಕ್ಕೆ ಕರೆಸುವವರು ಒದಗಿಸಬೇಕಾದದ್ದು ಒಂದೇ: ತಂಡಕ್ಕೆ ಆ ದಾರಿ ಕಾಣುವಂಥ ಜಾಗ. ಕಂಬದ ಹಿಂದೆ, ಹೂವಿನ ಗೋಡೆಯ ಹಿಂದೆ ಕೂರಿಸಿದರೆ ಎಂಥ ಕಲಾವಿದರಾದರೂ ಕುರುಡಾಗಿ ನುಡಿಸಬೇಕಾಗುತ್ತದೆ. ಜಾಗ ಇಲ್ಲವೇ ಇಲ್ಲ ಎಂದಾದರೆ ದಾರಿ ಕಾಣುವಲ್ಲಿ ಒಬ್ಬರನ್ನು ನಿಲ್ಲಿಸಿ, ಅವರು ಕೈ ಎತ್ತಲಿ.

ಹೊತ್ತಿನ ಲೆಕ್ಕದಲ್ಲಿ ಒಂದು ತಪ್ಪುಕಲ್ಪನೆ ಗಟ್ಟಿಯಾಗಿ ಕೂತಿದೆ. 'ಅರ್ಧ ಗಂಟೆ ತಾನೇ, ಅರ್ಧ ದುಡ್ಡು ತೊಗೊಳ್ಳಿ.' ಅರ್ಧ ಗಂಟೆಯ ಕಾರ್ಯಕ್ರಮಕ್ಕೂ ಪ್ರಯಾಣ ಅಷ್ಟೇ, ವಾದ್ಯ ಹೊರುವುದು ಅಷ್ಟೇ, ಸೌಂಡ್ ಚೆಕ್ ಅಷ್ಟೇ, ಆ ಸಂಜೆ ಬೇರೆ ಕಾರ್ಯಕ್ರಮ ಒಪ್ಪಿಕೊಳ್ಳುವಂತಿಲ್ಲ. ಮೈಕಿಲ್ಲದ ತಂಡ ಒಂದು ಗಂಟೆ ಮುಂಚೆ, ಮೈಕಿರುವ ತಂಡ ಎರಡು ಮೂರು ಗಂಟೆ ಮುಂಚೆ ಬರುತ್ತದೆ. ಮೂರು ಗಂಟೆಯ ಹಾಜರಿಯಲ್ಲಿ ನುಡಿಸುವುದು 45 ನಿಮಿಷದ ಮೂರು ಸುತ್ತು, ನಡುವೆ 15–20 ನಿಮಿಷದ ಬಿಡುವು. ಬಿಡುವು ಸೋಮಾರಿತನಕ್ಕಲ್ಲ, ಟ್ರಂಪೆಟ್ಟು ಊದುವವರ ತುಟಿಯ ಸ್ನಾಯು, ಹಾಡುವವರ ಗಂಟಲು, ಪಿಟೀಲಿನವರ ಭುಜ ಒಂದು ಮಿತಿಯ ಆಚೆ ಕೈಕೊಡುತ್ತವೆ. ಆ ಬಿಡುವಿನಲ್ಲಿ ಏನು ಕೇಳಿಸಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿ, ಇಲ್ಲದಿದ್ದರೆ ಸೌಂಡಿನವರು ತಮ್ಮ ಫೋನಿನಲ್ಲಿದ್ದದ್ದನ್ನು ಹಾಕುತ್ತಾರೆ.

ಇನ್ನು ಆಯ್ಕೆ. ಎರಡು ನಿಮಿಷದ ಪ್ರಚಾರದ ವಿಡಿಯೋ ನೋಡಿ ತೀರ್ಮಾನಿಸಬೇಡಿ. ಅದು ಎಡಿಟರ್‌ನ ಕೈಚಳಕ, ಸದ್ದು ಸ್ಟುಡಿಯೋದ್ದಿರಬಹುದು. ಒಂದೇ ಓಟದಲ್ಲಿ ತೆಗೆದ, ಕತ್ತರಿ ಹಾಕದ, ಎಂಟು ಹತ್ತು ನಿಮಿಷದ ರೆಕಾರ್ಡಿಂಗ್ ಕೇಳಿ. ಅದರಲ್ಲಿ ವೇಗದ ಭಾಗವನ್ನು ಬಿಟ್ಟು ನಿಧಾನದ್ದನ್ನು ಕೇಳಿ. ವೇಗದಲ್ಲಿ ತಪ್ಪು ಶ್ರುತಿ ಮರೆಯಾಗುತ್ತದೆ, ನೀಳ ಸ್ವರದಲ್ಲಿ ಬಚ್ಚಿಡಲು ಜಾಗವಿರುವುದಿಲ್ಲ. ಒಂದು ರಚನೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಅವಧಿಯನ್ನೂ ನೋಡಿ: ಹಾಳೆ ಹುಡುಕುತ್ತಾ, ಪರಸ್ಪರ ಪಿಸುಗುಟ್ಟುತ್ತಾ ಒಂದು ನಿಮಿಷ ಕಳೆದರೆ ಸಮಾರಂಭದಲ್ಲೂ ಹಾಗೇ ಆಗುತ್ತದೆ.

ಮುಖ್ಯವಾದ ಇನ್ನೊಂದು: ವಿಡಿಯೋದಲ್ಲಿರುವವರೇ ಬರುತ್ತಾರಾ? ಏಜೆನ್ಸಿಗಳ ಮೂಲಕ ಗೊತ್ತು ಮಾಡಿದಾಗ ತಂಡದ ಹೆಸರು ಒಂದೇ ಇರುತ್ತದೆ, ಮುಖಗಳು ಬದಲಾಗುತ್ತಿರುತ್ತವೆ. ಬದಲಿ ಕಲಾವಿದರನ್ನು ಕಳಿಸುವುದು ಈ ವೃತ್ತಿಯಲ್ಲಿ ಮಾಮೂಲು, ಜ್ವರ ಯಾರಿಗೂ ಬರಬಹುದು, ಬದಲಿ ಬಂದವರು ಅಷ್ಟೇ ಸಮರ್ಥರಿರಬಹುದು. ಆದರೆ ಇಂಥವರೇ ಬೇಕೆಂದು ಕರೆಸಿದ್ದರೆ ಅವರ ಹೆಸರು ಒಪ್ಪಂದದಲ್ಲಿ ಬರೆದಿರಬೇಕು. ಅವರು ಬರಲಾಗದಿದ್ದರೆ ಹಣ ವಾಪಸು ಪಡೆಯುವ ಆಯ್ಕೆ ನಿಮ್ಮದಾಗಿರಬೇಕು.

ಬೇಕಾದ ಹಾಡುಗಳ ಪಟ್ಟಿಯನ್ನು ನಾಲ್ಕರಿಂದ ಆರು ವಾರ ಮುಂಚೆ ಕೊಡಿ. ತಂಡದ ಸಂಗ್ರಹದಲ್ಲಿ ಇಲ್ಲದ ಹಾಡನ್ನು ನಾಲ್ಕು ವಾದ್ಯಕ್ಕೆ ಹೊಂದಿಸಿ ಬರೆಯುವುದು ಒಬ್ಬರ ಒಂದೆರಡು ದಿನದ ಕೆಲಸ, ಅದಕ್ಕೆ ಪ್ರತ್ಯೇಕ ಶುಲ್ಕ ಕೇಳಿದರೆ ಹುಬ್ಬೇರಿಸಬೇಡಿ. ಹಾಡಿನ ಹೆಸರಷ್ಟೇ ಸಾಲದು, ಯಾವ ರೆಕಾರ್ಡಿಂಗ್ ಎಂಬುದನ್ನೂ ಕಳಿಸಿ. ಒಂದೇ ಹಾಡಿಗೆ ಐದು ರೂಪಗಳಿರುತ್ತವೆ. ಮನೆಯವರೊಬ್ಬರು ಎದ್ದು ಹಾಡುವ ಯೋಚನೆ ಇದ್ದರೆ ಅವರ ಶ್ರುತಿ ಯಾವುದೆಂದು ಮೊದಲೇ ತಿಳಿಸಿ. ಶ್ರುತಿಯ ಎತ್ತರವನ್ನು ಹೇಳುವುದು 'ಕಟ್ಟೆ' ಎಂಬ ಲೆಕ್ಕದಲ್ಲಿ: ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದರಿಂದ ಎರಡು ಕಟ್ಟೆ, ಹೆಂಗಸರದು ಐದರ ಆಸುಪಾಸು. ತಬಲಾ ಮೃದಂಗದಂಥ ವಾದ್ಯಗಳನ್ನು ಸುತ್ತಿಗೆಯಿಂದ ತಟ್ಟಿ ಏರಿಸಿ ಇಳಿಸಬಹುದಾದದ್ದು ಒಂದೆರಡು ಸ್ವರಸ್ಥಾನದಷ್ಟೇ. ಒಂದು ಕಟ್ಟೆಗೆಂದು ತಂದ ತಬಲಾವನ್ನು ಐದಕ್ಕೆ ಎಳೆಯಲಾಗದು, ಬೇರೆಯದೇ ಬೇಕು. ಅದು ಇನ್ನೊಂದು ಊರಿನ ಮನೆಯಲ್ಲಿ ಕೂತಿರುತ್ತದೆ.

ಒಪ್ಪಂದ ಬರೆದುಕೊಳ್ಳುವುದೆಂದರೆ ಹಲವರಿಗೆ ಸಂಕೋಚ, ಕಲೆಯ ಜೊತೆ ಕಾಗದ ಪತ್ರ ಏಕೆ ಎಂದು. ಹಾಗಿದ್ದವರು ಯುರೋಪಿನ ಸಂಗೀತ ರಚನಕಾರ ಜೋಸೆಫ್ ಹೇಡನ್‌ಗೆ ಅವನನ್ನು ಕೆಲಸಕ್ಕಿಟ್ಟುಕೊಂಡ ಎಸ್ತೆರ್‌ಹಾಜಿ ಎಂಬ ಶ್ರೀಮಂತ ಮನೆತನ 1761ರ ಮೇ 1ರಂದು ಬರೆಸಿಕೊಟ್ಟ ಒಪ್ಪಂದವನ್ನು ನೋಡಬೇಕು. ವರ್ಷಕ್ಕೆ 400 ಗುಲ್ಡನ್ ಸಂಬಳ. ಬಿಳಿ ಕಾಲುಚೀಲ, ಬಿಳಿ ಅಂಗಿ, ಪೌಡರು ಹಾಕಿದ ಕೂದಲು. ದಿನಕ್ಕೆರಡು ಸಲ ಪಡಸಾಲೆಗೆ ಬಂದು ಇವತ್ತು ಸಂಗೀತ ಬೇಕೇ ಎಂದು ವಿಚಾರಿಸಬೇಕು. ಅಧಿಕಾರಿಗಳ ಪಂಕ್ತಿಯಲ್ಲಿ ಊಟ, ಇಲ್ಲವಾದರೆ ದಿನಕ್ಕೆ ಅರ್ಧ ಗುಲ್ಡನ್. ಬರೆದ ಸಂಗೀತವನ್ನು ಬೇರೆಯವರಿಗೆ ಕೊಡುವಂತಿಲ್ಲ; ಅಪ್ಪಣೆಯಿಲ್ಲದೆ ಬೇರೆಯವರಿಗಾಗಿ ಬರೆಯುವಂತಿಲ್ಲ. ಈ ಕೊನೆಯ ಕಟ್ಟು 1779ರ ಹೊಸ ಒಪ್ಪಂದದಲ್ಲಿ ಸಡಿಲವಾಯಿತು, ಆಮೇಲೇ ಅವನ ಕೃತಿಗಳನ್ನು ಅವನೇ ಪ್ರಕಾಶಕರಿಗೆ ಮಾರಲು ಸಾಧ್ಯವಾದದ್ದು. ಉಡುಪು, ಹಾಜರಿ, ಊಟ, ಹಕ್ಕು: ಇವತ್ತಿನ ಒಪ್ಪಂದದಲ್ಲೂ ಜಗಳ ಏಳುವ ತಾಣಗಳು ಇವೇ.

ಇವತ್ತಿನ ಕಾಗದದಲ್ಲಿ ಇನ್ನಷ್ಟು ಸೇರಬೇಕು. ಮುಂಗಡ ಎಷ್ಟು (ಕಾಲುಭಾಗದಿಂದ ಅರ್ಧದವರೆಗೆ ರೂಢಿ), ಉಳಿದದ್ದು ಯಾವಾಗ, ಯಾರು ಕೊಡುತ್ತಾರೆ. ಕಾರ್ಯಕ್ರಮದ ರಾತ್ರಿ ಮನೆಯವರು ಯಾರೂ ಕೈಗೆ ಸಿಗದೆ ಕಲಾವಿದರು ಬಾಗಿಲಲ್ಲಿ ನಿಲ್ಲುವುದು ಎರಡೂ ಕಡೆಗೆ ಮುಜುಗರ, ಒಂದು ದಿನ ಮುಂಚೆಯೇ ಮುಗಿಸಿಬಿಟ್ಟರೆ ನೆಮ್ಮದಿ. ತಡವಾದರೆ ಪ್ರತಿ ಅರ್ಧ ಗಂಟೆಗೆ ಹೆಚ್ಚುವರಿ ಎಷ್ಟು. ತಡ ನಿಮ್ಮ ಕಡೆಯಿಂದಾದರೂ ಮುಗಿಯುವ ಹೊತ್ತು ಬದಲಾಗುವುದಿಲ್ಲ ಎಂಬ ವಾಕ್ಯ ಇದ್ದೇ ಇರುತ್ತದೆ, ಸಹಿ ಹಾಕುವ ಮುಂಚೆ ಅದನ್ನು ಓದಿ. ಕ್ಯಾನ್ಸಲ್ ಆದರೆ ದಿನ ಹತ್ತಿರವಾದಷ್ಟೂ ಕೊಡಬೇಕಾದ ಪಾಲು ಏರುತ್ತದೆ. ವಿಡಿಯೋ ತೆಗೆಯುವುದಕ್ಕೆ ಒಪ್ಪಿಗೆ ಬೇರೆ, ಅದನ್ನು ಆನ್‌ಲೈನಿಗೆ ಹಾಕುವುದಕ್ಕೆ ಬೇರೆ. ಕಲಾವಿದರು ಒಪ್ಪಿದರೂ ಹಾಡಿನ ರಚನೆಯ ಹಕ್ಕು ಇನ್ಯಾರದೋ ಆಗಿರಬಹುದು. ಹಾಕಿದ ವಿಡಿಯೋದ ಸದ್ದು ಅಡಗಿಹೋದಾಗ ಕಲಾವಿದರನ್ನು ದೂರಿ ಫಲವಿಲ್ಲ.

ಹೇಡನ್‌ನ ಆ ಒಪ್ಪಂದದಲ್ಲಿ ಇನ್ನೊಂದು ಕಲಮಿದೆ. ಗಾಯಕಿಯರಿಗೆ ಅವನು ಪಾಠ ಹೇಳಬೇಕು, ಏಕೆಂದರೆ ವಿಯೆನ್ನಾದಲ್ಲಿ ಕಷ್ಟಪಟ್ಟು, ದುಡ್ಡು ಸುರಿದು ಕಲಿಸಿದ್ದನ್ನು ಅವರು ಹಳ್ಳಿಯಲ್ಲಿದ್ದಾಗ ಮರೆತುಬಿಡಬಾರದು. ನುಡಿಸುವವನೇ ಕಲಿಸಬೇಕು ಎಂಬ ನಿರೀಕ್ಷೆ ಅಷ್ಟು ಹಳೆಯದು. ಸಮಾರಂಭದಲ್ಲಿ ಕೇಳಿ ಮೆಚ್ಚಿದವರನ್ನೇ 'ನಮ್ಮ ಮಗಳಿಗೂ ಹೇಳಿಕೊಡಿ' ಎಂದು ಹಿಡಿಯುವುದು ಈಗಲೂ ನಡೆಯುತ್ತದೆ. ಕೆಲವೊಮ್ಮೆ ಅದೃಷ್ಟ ಕೂಡಿಬರುತ್ತದೆ. ಪಿಯಾನೋ ವಾದಕ, ರಚನಕಾರ ಶೋಪಾನ್ ಬದುಕಿನಲ್ಲಿ ಕೊಟ್ಟ ಸಾರ್ವಜನಿಕ ಕಛೇರಿಗಳು ಸುಮಾರು 30, ಹೊಟ್ಟೆಪಾಡು ಬಹುಪಾಲು ಪಾಠದಿಂದ. ಹೊಸ ಶಿಷ್ಯರಿಗೆ ಅವನು ಎಲ್ಲರೂ ಶುರುಮಾಡುವ, ಬಿಳಿ ಕೀಲಿಗಳಷ್ಟೇ ಇರುವ ಸಿ ಮೇಜರ್ ಸ್ವರಶ್ರೇಣಿಯನ್ನು ಬಿಟ್ಟು, ಐದು ಕಪ್ಪು ಕೀಲಿಗಳಿರುವ ಬಿ ಮೇಜರ್ ಕೊಡುತ್ತಿದ್ದ. ಕಾಗದದ ಮೇಲೆ ಅದು ಕಷ್ಟ, ಕೈಗೆ ಸುಲಭ: ಉದ್ದದ ನಡುಬೆರಳುಗಳು ಎತ್ತರದ ಕಪ್ಪು ಕೀಲಿಗಳ ಮೇಲೆ, ಗಿಡ್ಡ ಹೆಬ್ಬೆರಳು ಬಿಳಿಯ ಮೇಲೆ ತಾವಾಗಿ ಕೂರುತ್ತವೆ. ಕಲಿಸಬಲ್ಲವರು ವಾದ್ಯದ ಕಡೆಯಿಂದ ಯೋಚಿಸುವುದನ್ನು ಬಿಟ್ಟು ಕಲಿಯುವವರ ಕೈಯ ಕಡೆಯಿಂದ ಯೋಚಿಸುತ್ತಾರೆ.

ಕಲಿಸುವ ಈ ಗುಣ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಪ್ರಾಯೋಗಿಕ ಪಾಠ ಸಾಕು, ಅದಕ್ಕೂ ಹಣ ಕೊಡಿ. ಮಗುವಿನ ಪಿಟೀಲು ಕೀಚಲಾಗಿ ಕೇಳುತ್ತಿದೆ ಎಂದುಕೊಳ್ಳಿ. ಒಬ್ಬರು 'ಮೆಲ್ಲಗೆ ಒತ್ತು' ಎನ್ನುತ್ತಾರೆ, ತಮ್ಮ ಪಿಟೀಲು ಎತ್ತಿ ಚೆಂದವಾಗಿ ನುಡಿಸಿ ತೋರಿಸುತ್ತಾರೆ, 'ಹೀಗೆ' ಎನ್ನುತ್ತಾರೆ. ಮಗು ಮೆಲ್ಲಗೆ ಒತ್ತುತ್ತದೆ, ಈಗ ಕೀಚಲಿನ ಜಾಗದಲ್ಲಿ ಸಿಳ್ಳೆಯಂಥ ಸದ್ದು. ಇನ್ನೊಬ್ಬರು ಎರಡು ನಿಮಿಷ ಏನೂ ಹೇಳದೆ ಪಕ್ಕದಿಂದ ನೋಡುತ್ತಾರೆ. ಕಮಾನು ತುದಿಗೆ ಹೋದಾಗ ಮಗುವಿನ ಬಲ ಮೊಣಕೈ ಬೆನ್ನ ಹಿಂದಕ್ಕೆ ಎಳೆದುಕೊಳ್ಳುತ್ತಿದೆ, ಅದರಿಂದ ಕಮಾನು ಓರೆಯಾಗಿ ಕುದುರೆಯ (ತಂತಿಗಳನ್ನು ಹೊತ್ತು ನಿಂತ ಪುಟ್ಟ ಮರದ ತುಂಡು) ಬಳಿಯಿಂದ ಜಾರಿ ಬೆರಳುಹಲಗೆಯ ಮೇಲೆ ಹತ್ತುತ್ತಿದೆ, ಅಲ್ಲಿ ತಂತಿ ಅಷ್ಟು ಒತ್ತಡ ತಾಳದು. ರೋಗ ಮೊಣಕೈಯಲ್ಲಿ, ಕೂಗು ತಂತಿಯಲ್ಲಿ. ಮದ್ದು: ಈ ವಾರ ಕಮಾನಿನ ನಡುವಿನ ಮೂರನೇ ಒಂದು ಭಾಗ ಮಾತ್ರ, ಬೆರಳಿಡದ ಬರಿ ತಂತಿ, ಎದುರಿಗೊಂದು ಕನ್ನಡಿ, ದಿನಕ್ಕೆ ಹತ್ತು ನಿಮಿಷ. ಇಬ್ಬರೂ ವೇದಿಕೆಯಲ್ಲಿ ಸಮಾನ ದೊಡ್ಡವರಿರಬಹುದು. ಮಗುವನ್ನು ಎರಡನೆಯವರ ಹತ್ತಿರ ಬಿಡಿ.

ಗಡಿಯಾರವನ್ನೂ ನೋಡಿ. 45 ನಿಮಿಷದ ಪಾಠದಲ್ಲಿ ಕಲಿಯುವವರ ಕೈಯಲ್ಲಿ ವಾದ್ಯ ಸದ್ದು ಮಾಡಿದ್ದು ಎಷ್ಟು ನಿಮಿಷ? ಅರ್ಧಕ್ಕಿಂತ ಕಡಿಮೆಯಾದರೆ ಅದು ಪಾಠಕ್ಕಿಂತ ಹೆಚ್ಚಾಗಿ ಖಾಸಗಿ ಕಛೇರಿ. ಆರೇಳು ವರ್ಷದ ಮಕ್ಕಳಿಗೆ ಅರ್ಧ ಗಂಟೆ, ಹತ್ತು ಹನ್ನೆರಡರವರಿಗೆ 45 ನಿಮಿಷ, ದೊಡ್ಡವರಿಗೆ ಒಂದು ಗಂಟೆ ಹಿಡಿಸುತ್ತದೆ. ಮನೆಯಲ್ಲಿ ದಿನಾ 20 ನಿಮಿಷದಂತೆ ಐದು ದಿನ ಮಾಡಿದ ಅಭ್ಯಾಸ, ಪಾಠದ ಹಿಂದಿನ ರಾತ್ರಿ ನೂರು ನಿಮಿಷ ತಿಕ್ಕಿದ್ದಕ್ಕಿಂತ ಗಟ್ಟಿ ನಿಲ್ಲುತ್ತದೆ. ಹೆಸರಾಂತರ ಜೊತೆಗಿನ ದೊಡ್ಡ ಕಷ್ಟ ಅವರ ಪ್ರವಾಸ. ತಿಂಗಳಿಗೆ ನಾಲ್ಕು ಪಾಠ ಎಂದಿದ್ದು ಕಛೇರಿಗಳ ಕಾಲದಲ್ಲಿ ಒಂದಕ್ಕೆ ಇಳಿಯುತ್ತದೆ, ಹೊಸಬರಿಗೆ ಈ ಬಿಡುವು ಮಾರಕ: ತಪ್ಪು ಹಿಡಿತ ಮೂರು ವಾರದಲ್ಲಿ ಅಭ್ಯಾಸವಾಗಿಬಿಡುತ್ತದೆ. ವಾರವಾರ ಸಿಗುವ ಒಬ್ಬ ಶಿಕ್ಷಕರು, ಎರಡು ತಿಂಗಳಿಗೊಮ್ಮೆ ದೊಡ್ಡ ಕಲಾವಿದರ ಹತ್ತಿರ ಒಂದು ಗಂಟೆ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿದ್ದರೆ ಈ ಏರ್ಪಾಟು ಬಹಳ ಚೆನ್ನಾಗಿ ನಡೆಯುತ್ತದೆ, ಮುಚ್ಚಿಟ್ಟರೆ ಕೆಡುತ್ತದೆ.

ಶಾಲೆಗಳು, ಸಂಘಗಳು ಕಲಾವಿದರನ್ನು ಮಾಸ್ಟರ್‌ಕ್ಲಾಸಿಗೆ, ಅಂದರೆ ಪ್ರೇಕ್ಷಕರ ಎದುರು ಒಬ್ಬೊಬ್ಬ ವಿದ್ಯಾರ್ಥಿಗೆ ಪಾಠ ಹೇಳುವುದಕ್ಕೆ, ಕರೆಸುವಾಗ ಆಸೆಗೆ ಬಿದ್ದು ಹತ್ತು ವಿದ್ಯಾರ್ಥಿಗಳನ್ನು ತುರುಕುತ್ತವೆ. ಎರಡು ಗಂಟೆಗೆ ನಾಲ್ವರು, ತಲಾ 25–30 ನಿಮಿಷ. ಅದಕ್ಕಿಂತ ಹೆಚ್ಚಾದರೆ 'ಚೆನ್ನಾಗಿದೆ, ಇನ್ನೂ ಅಭ್ಯಾಸ ಮಾಡು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ನುಡಿಸುವವರು ರಚನೆಯನ್ನು ಪೂರ್ತಿ ಸಿದ್ಧಮಾಡಿಕೊಂಡಿರಬೇಕು, ಕಲಾವಿದರಿಗೆ ಅದರ ಸ್ವರಲಿಪಿ ಒಂದು ವಾರ ಮುಂಚೆ ತಲುಪಿರಬೇಕು. ಆರಂಭದ ಹಂತದವರಿಗೆ ಇದು ತಕ್ಕದ್ದಲ್ಲ. ಅವರು ಪ್ರೇಕ್ಷಕರಾಗಿ ಕೂರಲಿ. ಪಾಠ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ, ಮಕ್ಕಳಿದ್ದಲ್ಲಿ ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ. ಒಳ್ಳೆಯ ಶಿಕ್ಷಕರು ಇದನ್ನು ತಾವೇ ಕೇಳುತ್ತಾರೆ.

ದೂರದಲ್ಲಿರುವ ಕಲಾವಿದರ ಹತ್ತಿರ ಆನ್‌ಲೈನ್ ಪಾಠ ಎಂದಾದರೆ ಎರಡು ಸಂಗತಿ ತಿಳಿದಿರಲಿ. ಇಬ್ಬರು ಒಟ್ಟಿಗೆ ನುಡಿಸಬೇಕಾದರೆ ಸದ್ದು ಸುಮಾರು 25–30 ಮಿಲಿಸೆಕೆಂಡಿನೊಳಗೆ ತಲುಪಬೇಕು. ಮಾಮೂಲಿ ವಿಡಿಯೋ ಕರೆಯಲ್ಲಿ ಅದು 100 ದಾಟುತ್ತದೆ. ಹಾಗಾಗಿ ಗುರುವಿನ ಜೊತೆ ತಾಳ ಹಾಕುತ್ತಾ ನುಡಿಸುವುದು ಆಗದ ಮಾತು; ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಎರಡನೆಯದು, ಈ ಆ್ಯಪ್‌ಗಳು ಮಾತಿಗೆಂದು ಮಾಡಿದವು. ಎಳೆದು ಹಿಡಿದ ಸ್ವರವನ್ನು ಫ್ಯಾನಿನ ಸದ್ದು ಎಂದು ತಿಳಿದು ಅಳಿಸಿಹಾಕುತ್ತವೆ, ಮೆಲ್ಲಗೆ ನುಡಿಸಿದ್ದನ್ನೂ ಜೋರಾಗಿ ನುಡಿಸಿದ್ದನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಸೆಟ್ಟಿಂಗಿನಲ್ಲಿ ಗದ್ದಲ ತಗ್ಗಿಸುವುದನ್ನು, ಸದ್ದಿನ ಮಟ್ಟವನ್ನು ತಾನೇ ಹೊಂದಿಸುವುದನ್ನು ಎರಡೂ ಕಡೆ ಆಫ್ ಮಾಡಬೇಕು. ಇಷ್ಟಾದ ಮೇಲೂ ಕಮಾನಿನ ಕೈ ಕ್ಯಾಮೆರಾದಲ್ಲಿ ಕಾಣದಿದ್ದರೆ ಕೇಳಿದ್ದರಲ್ಲಿ ಅರ್ಧ ಸಿಕ್ಕಿದ ಹಾಗೆ. ಫೋನನ್ನು ಎದುರಿಗೆ ಇಡುವ ಬದಲು ಬಲಗಡೆ ಓರೆಯಾಗಿ, ಎದೆಮಟ್ಟದಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ. ಕಮಾನಿನ ತುದಿ ಚೌಕಟ್ಟಿನ ಆಚೆ ಹೋಗುತ್ತಿದ್ದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ.